ಒಂದೇ ಆಲ್ಬಂ, ಹಲವು ಆವೃತ್ತಿ: ಪೋರ್ಕ್ಯುಪೈನ್ ಟ್ರೀ ಮತ್ತು ರಿಚರ್ಡ್ ಬಾರ್ಬಿಯೇರಿ ಅವರ ಧ್ವನಿಮುದ್ರಣಗಳಲ್ಲಿ ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬ ಕೊಟ್ಟ ‘ಇನ್ ಆಬ್ಸೆನ್ಷಿಯಾ’ ಸಿ.ಡಿ.ಯಿಂದ ಪೋರ್ಕ್ಯುಪೈನ್ ಟ್ರೀ ಎಂಬ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಪರಿಚಯವಾಯಿತು. ಈಗ ಅವರ ಆಲ್ಬಂಗಳನ್ನೆಲ್ಲ ಒಂದೊಂದಾಗಿ ಕೊಳ್ಳಬೇಕೆಂದಿದ್ದೇನೆ. ಆದರೆ ಒಂದೇ ಆಲ್ಬಂ ಮೂರು ನಾಲ್ಕು ಬಗೆಯಲ್ಲಿ ಸಿಗುತ್ತಿದೆ. ‘ಅಪ್ ದಿ ಡೌನ್‌ಸ್ಟೇರ್’ ಆಲ್ಬಂ ಅನ್ನು ಸ್ಟ್ರೀಮಿಂಗ್‌ನಲ್ಲಿ ಕೇಳಿದಾಗ, ಪರಿಚಯದವರ ಮನೆಯಲ್ಲಿರುವ ಹಳೆಯ ಸಿ.ಡಿ.ಯಲ್ಲಿ ಕೇಳಿದ ಡ್ರಮ್ಸ್‌ಗಿಂತ ಪೂರಾ ಬೇರೆಯ ಡ್ರಮ್ಸ್ ಕೇಳಿಸಿತು. ನನ್ನ ಬಳಿಯಿರುವ 2002ರ ‘ಇನ್ ಆಬ್ಸೆನ್ಷಿಯಾ’ ಅರ್ಧ ಗಂಟೆ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಎಲ್.ಪಿ. (ವಿನೈಲ್ ತಟ್ಟೆ) ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಒಬ್ಬರು, 24 ಬಿಟ್ ಫೈಲ್ ಕೊಂಡುಕೊಳ್ಳಿ ಎಂದು ಇನ್ನೊಬ್ಬರು ಹೇಳುತ್ತಾರೆ. ಮತ್ತೊಂದು ಸಂದೇಹವೂ ಇದೆ. ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ಬಾರ್ಬಿಯೇರಿ ಅವರ ‘ಪ್ಲಾನೆಟ್ಸ್ + ಪರ್ಸೋನಾ’ ಕೇಳಿದೆ. ಬೆರಳು ಓಡಿಸುವ ಸೋಲೋ ಒಂದೂ ಇರಲಿಲ್ಲ. ಅವರ ಸ್ವಂತ ಆಲ್ಬಂಗಳಿಗೆ ಹಣ ಹಾಕುವುದರಲ್ಲಿ ಅರ್ಥವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂದೇಹಗಳಿವೆ: ಯಾವ ಆವೃತ್ತಿ ಕೊಳ್ಳಬೇಕು ಎಂಬುದು ಒಂದು, ಬಾರ್ಬಿಯೇರಿ ಅವರ ಸಂಗೀತದಲ್ಲಿ ಏನನ್ನು ಕೇಳಬೇಕು ಎಂಬುದು ಇನ್ನೊಂದು. ಧ್ವನಿಮುದ್ರಣಗಳ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಧ್ವನಿ-ತಿದ್ದುಪಡಿ, ಮಾಡುವವನಾಗಿ ನನಗೆ ಇವೆರಡರ ಬೇರು ಒಂದೇ ಎಂದು ತೋರುತ್ತದೆ. ಈ ಬ್ಯಾಂಡಿನ ಧ್ವನಿಯಲ್ಲಿ ಅತಿ ಮೆಲ್ಲಗೆ ಕೇಳುವ ಪದರಗಳನ್ನು ನೇಯುವವರು ಬಹುಮಟ್ಟಿಗೆ ಬಾರ್ಬಿಯೇರಿ, ಮತ್ತು ಮಾಸ್ಟರಿಂಗ್ ಅತಿಯಾದಾಗ ಮೊದಲು ಕೆಡುವುದು ಆ ಪದರಗಳೇ. ಆದ್ದರಿಂದ ಆವೃತ್ತಿಯ ವಿಚಾರವನ್ನು ಮೊದಲು ಬಿಡಿಸಿ, ಆಮೇಲೆ ಅವರತ್ತ ಬರುತ್ತೇನೆ.

ನಿಮ್ಮ ಕಿವಿ ಮೋಸಹೋಗಿಲ್ಲ. ‘ಅಪ್ ದಿ ಡೌನ್‌ಸ್ಟೇರ್’ 1993ರಲ್ಲಿ ಬಂದಾಗ ಪೋರ್ಕ್ಯುಪೈನ್ ಟ್ರೀ ಎಂಬ ಬ್ಯಾಂಡ್ ನಿಜವಾದ ಅರ್ಥದಲ್ಲಿ ಇರಲೇ ಇಲ್ಲ. 1987ರಲ್ಲಿ ಅದರ ಗಾಯಕ, ಗಿಟಾರ್ ವಾದಕ ಸ್ಟೀವನ್ ವಿಲ್ಸನ್ ಇಂಗ್ಲೆಂಡಿನ ಹೆಮೆಲ್ ಹೆಂಪ್‌ಸ್ಟೆಡ್‌ನ ತಮ್ಮ ಮನೆಯಲ್ಲಿ, ಇಲ್ಲದ ಬ್ಯಾಂಡೊಂದಕ್ಕೆ ಕಾಲ್ಪನಿಕ ಚರಿತ್ರೆಯನ್ನೇ ಬರೆದು, ಕ್ಯಾಸೆಟ್‌ಗಳನ್ನು ಮಾಡಲು ತೊಡಗಿದ್ದರು. 1992ರ ಮೊದಲ ಆಲ್ಬಂ ‘ಆನ್ ದಿ ಸಂಡೇ ಆಫ್ ಲೈಫ್’ ಆ ಕ್ಯಾಸೆಟ್‌ಗಳಿಂದ ಆರಿಸಿದ ಹಾಡುಗಳ ಸಂಗ್ರಹ. ಎರಡನೆಯ ಆಲ್ಬಂಗೂ ಡ್ರಮ್ಮರ್ ಇರಲಿಲ್ಲವಾದ್ದರಿಂದ ವಿಲ್ಸನ್ ಡ್ರಮ್ ಮಷಿನ್ ಬಳಸಿದರು. ಬಾರ್ಬಿಯೇರಿ ಮತ್ತು ಬಾಸ್ ವಾದಕ ಕಾಲಿನ್ ಎಡ್ವಿನ್ ಅದರಲ್ಲಿ ಅತಿಥಿಗಳಾಗಿ ಬಂದರು. ಆ ವರ್ಷದ ಕೊನೆಗೆ ಡ್ರಮ್ಮರ್ ಕ್ರಿಸ್ ಮೇಟ್‌ಲ್ಯಾಂಡ್ ಸೇರಿಕೊಂಡು ನಾಲ್ವರೂ ವೇದಿಕೆ ಹತ್ತಿದ ಮೇಲೆಯೇ ಅದು ಬ್ಯಾಂಡ್ ಆದದ್ದು. 2005ರಲ್ಲಿ ಈ ಆಲ್ಬಂ ಅನ್ನು ಮರುಬಿಡುಗಡೆ ಮಾಡುವಾಗ, ಅಷ್ಟರಲ್ಲಿ ಬ್ಯಾಂಡಿನಲ್ಲಿದ್ದ ಗ್ಯಾವಿನ್ ಹ್ಯಾರಿಸನ್ ಅವರಿಂದ ಡ್ರಮ್ಸ್ ಹೊಸದಾಗಿ ನುಡಿಸಿ ಸೇರಿಸಿದರು. ನೀವು ಸ್ಟ್ರೀಮಿಂಗ್‌ನಲ್ಲಿ ಕೇಳಿದ್ದು ಆ ಆವೃತ್ತಿ, ನಿಮ್ಮ ಪರಿಚಯದವರ ಬಳಿಯಿರುವುದು ಮೊದಲಿನದು.

ಇಲ್ಲಿ ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕು, ಏಕೆಂದರೆ ಅಂಗಡಿಯ ಚೀಟಿಯಲ್ಲಿ ಮೂರಕ್ಕೂ ‘ಹೊಸ ಆವೃತ್ತಿ’ ಎಂದೇ ಬರೆದಿರುತ್ತದೆ. ಸಿದ್ಧವಾದ ಸ್ಟೀರಿಯೋ ಮುದ್ರಣವನ್ನು ತೆಗೆದುಕೊಂಡು ಅದರ ಒಟ್ಟು ಸ್ವರಭಾರ, ಜೋರು, ಹಾಡಿನಿಂದ ಹಾಡಿಗಿರುವ ಹೊಂದಾಣಿಕೆಗಳನ್ನು ಮತ್ತೆ ತಿದ್ದುವುದು ರೀಮಾಸ್ಟರಿಂಗ್. ಗಿಟಾರ್, ಗಾಯನ, ಕೀಬೋರ್ಡ್ ಎಂದು ಬಿಡಿಬಿಡಿಯಾಗಿ ಮುದ್ರಿಸಿದ ಟ್ರ್ಯಾಕ್‌ಗಳಿಗೇ ಹಿಂದಿರುಗಿ ಅವುಗಳನ್ನು ಮೊದಲಿನಿಂದ ಬೆರೆಸುವುದು ರೀಮಿಕ್ಸ್. ಮುದ್ರಣದ ಒಂದು ಭಾಗವನ್ನೇ ಕಿತ್ತು ಹೊಸದನ್ನು ನುಡಿಸಿ ಸೇರಿಸುವುದು ಇವೆರಡಕ್ಕಿಂತ ಬೇರೆ. ಅಲ್ಲಿ ನಿಮ್ಮ ಕೈಗೆ ಬರುವುದು ಭಾಗಶಃ ಹೊಸ ಪ್ರದರ್ಶನವೇ. ‘ಅಪ್ ದಿ ಡೌನ್‌ಸ್ಟೇರ್’ ಈ ಮೂರನೆಯ ಬಗೆಗೆ ಸೇರಿದರೆ, 1999ರ ‘ಸ್ಟುಪಿಡ್ ಡ್ರೀಮ್’ 2006ರಲ್ಲಿ ಎರಡನೆಯ ಬಗೆಯಲ್ಲಿ, ಅಂದರೆ ವಿಲ್ಸನ್ ಅವರೇ ಮಾಡಿದ ರೀಮಿಕ್ಸ್ ಆಗಿ ಮತ್ತೆ ಬಂತು. ಅವರು ಕಿಂಗ್ ಕ್ರಿಮ್ಸನ್, ಜೆತ್ರೋ ಟಲ್, ಯೆಸ್ ಮುಂತಾದ ಹಿರಿಯ ಬ್ಯಾಂಡ್‌ಗಳ ಆಲ್ಬಂಗಳನ್ನೂ ರೀಮಿಕ್ಸ್ ಮಾಡಿ ಹೆಸರಾದವರು. ತಮ್ಮ ಹಳೆಯ ಕೆಲಸದತ್ತ ಮತ್ತೆ ಮತ್ತೆ ಹಿಂದಿರುಗುವುದು ಅವರ ಸ್ವಭಾವದಲ್ಲೇ ಇದೆ.

ಇಷ್ಟೊಂದು ಆವೃತ್ತಿಗಳಿರುವುದು ಬರೀ ಹಣದಾಸೆಯಿಂದ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಈ ಬ್ಯಾಂಡಿನ ಹಕ್ಕುಗಳು ಕೈಯಿಂದ ಕೈಗೆ ಹೋಗಿವೆ. ಮೊದಲ ಆಲ್ಬಂಗಳು ಡೆಲೀರಿಯಂ ಎಂಬ ಸಣ್ಣ ಸಂಸ್ಥೆಯಿಂದ ಬಂದವು. ‘ಸ್ಟುಪಿಡ್ ಡ್ರೀಮ್’ ಮತ್ತು 2000ದ ‘ಲೈಟ್‌ಬಲ್ಬ್ ಸನ್’ ಸ್ನ್ಯಾಪರ್‌ನ ಕೆಸ್ಕೋಪ್ ಹೆಸರಿನಲ್ಲಿ, 2002ರ ‘ಇನ್ ಆಬ್ಸೆನ್ಷಿಯಾ’ ಮತ್ತು 2005ರ ‘ಡೆಡ್‌ವಿಂಗ್’ ಲಾವಾ ಮೂಲಕ ಬಂದವು. 2007ರ ‘ಫಿಯರ್ ಆಫ್ ಎ ಬ್ಲ್ಯಾಂಕ್ ಪ್ಲಾನೆಟ್’ ಯುರೋಪಿನಲ್ಲಿ ರೋಡ್‌ರನ್ನರ್‌ನಿಂದ, ಅಮೆರಿಕದಲ್ಲಿ ಅಟ್ಲಾಂಟಿಕ್‌ನಿಂದ ಬಿಡುಗಡೆಯಾಯಿತು. ಹಕ್ಕು ಕೈ ಬದಲಾದಾಗ ಹೊಸ ಮಾಲೀಕರು ಮರುಬಿಡುಗಡೆ ಮಾಡುವುದು ಸಹಜ. ದೇಶದಿಂದ ದೇಶಕ್ಕೂ ವ್ಯತ್ಯಾಸವಿತ್ತು: 1995ರ ‘ದಿ ಸ್ಕೈ ಮೂವ್ಸ್ ಸೈಡ್‌ವೇಸ್’ನ ಅಮೆರಿಕದ ಆವೃತ್ತಿಯಲ್ಲಿ ಬ್ರಿಟಿಷ್ ಸಿ.ಡಿ.ಯಲ್ಲಿಲ್ಲದ ‘ಸ್ಟಾರ್ಸ್ ಡೈ’ ಇತ್ತು. ‘ಡೆಡ್‌ವಿಂಗ್’ನ ಅಮೆರಿಕದ ಸಿ.ಡಿ.ಯಲ್ಲಿ ‘ಶೀಸ್‌ಮೂವ್ಡ್‌ಆನ್’ ಹಾಡನ್ನು ಹೊಸದಾಗಿ ಮುದ್ರಿಸಿ ಸೇರಿಸಿದ್ದರು.

ಈಗ ಕಿವಿ ದಣಿಯುವ ವಿಚಾರಕ್ಕೆ ಬರೋಣ. ಡಿಜಿಟಲ್ ಧ್ವನಿಗೆ ಮೀರಲಾಗದ ಒಂದು ಮೇಲ್ಮಿತಿ ಇದೆ. ಇಡೀ ಹಾಡು ಜೋರಾಗಿ ಕೇಳಬೇಕೆಂದರೆ, ಡ್ರಮ್ ಪೆಟ್ಟಿನಂಥ ಕ್ಷಣಿಕ ಶಿಖರಗಳನ್ನು ಲಿಮಿಟರ್ ಎಂಬ ಸಾಧನದಿಂದ ತುಳಿದು, ಉಳಿದದ್ದನ್ನೆಲ್ಲ ಆ ಮೇಲ್ಮಿತಿಯ ತನಕ ಎತ್ತಬೇಕು. ಹಾಗೆ ಮಾಡಿದಾಗ ಮೆಲ್ಲನೆಯ ಭಾಗಕ್ಕೂ ಜೋರಾದ ಭಾಗಕ್ಕೂ ಇರುವ ಅಂತರ ಕುಗ್ಗುತ್ತದೆ. 2000ದ ಆಸುಪಾಸಿನಲ್ಲಿ ರಾಕ್ ಸಂಗೀತದ ಉದ್ಯಮದಲ್ಲಿ ಈ ಪೈಪೋಟಿ ಬಲವಾಗಿತ್ತು. ದೊಡ್ಡ ಸಂಸ್ಥೆಯ ಮೂಲಕ ಬಂದ ‘ಇನ್ ಆಬ್ಸೆನ್ಷಿಯಾ’ಗೂ ಅದರ ಬಿಸಿ ತಟ್ಟಿತು. ಕಿವಿಗೆ ಬಿಡುವು ಸಿಗದ ಕಾರಣ ಅದು ದಣಿಯುತ್ತದೆ. ಇದರಲ್ಲಿ ನಿಮ್ಮ ಸ್ಪೀಕರಿನದಾಗಲಿ ನಿಮ್ಮದಾಗಲಿ ದೋಷವಿಲ್ಲ.

ಇದನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಅದೇ ಆಲ್ಬಂನ ‘ಗ್ರಾವಿಟಿ ಐಲಿಡ್ಸ್’ ಹಾಡನ್ನು ಹಾಕಿ. ಅದು ಮೆಲೊಟ್ರಾನ್ (ಟೇಪಿನಲ್ಲಿ ಮುದ್ರಿಸಿದ ಧ್ವನಿಗಳನ್ನು ಹೊರಡಿಸುವ ಕೀಬೋರ್ಡ್) ವಾದ್ಯದ ವೃಂದಗಾನದಂಥ ಮಂಜು ಕವಿದ ಧ್ವನಿಯಿಂದ, ಹಿನ್ನೆಲೆಯಲ್ಲಿ ತಡೆತಡೆದು ಬರುವ ಎಲೆಕ್ಟ್ರಾನಿಕ್ ತಾಳದಿಂದ ಆರಂಭವಾಗುತ್ತದೆ. ಗಾಯನ ಪಿಸುಮಾತಿಗೆ ಹತ್ತಿರವಿದೆ. ಹಾಡಿನ ನಡುವೆ ಭಾರವಾದ ಗಿಟಾರ್ ಒಮ್ಮೆಲೇ ನುಗ್ಗುತ್ತದೆ. ಆ ನುಗ್ಗುವಿಕೆಯ ಪರಿಣಾಮವೆಲ್ಲ ಅದಕ್ಕಿಂತ ಹಿಂದಿನ ನಿಮಿಷಗಳು ಎಷ್ಟು ಮೆಲ್ಲಗಿದ್ದವು ಎಂಬುದರ ಮೇಲೆ ನಿಂತಿದೆ. 2002ರ ಸಿ.ಡಿ.ಯಲ್ಲಿ ಈ ಎರಡು ಭಾಗಗಳ ಅಂತರ ಕಿರಿದಾಗಿದೆ. ವಿಲ್ಸನ್ ತಾವೇ ಮಾಡಿದ ನಂತರದ ರೀಮಾಸ್ಟರ್‌ನಲ್ಲಿ, ಅಂದರೆ 2018ರ ಎಲ್.ಪಿ. ಮರುಬಿಡುಗಡೆ ಮತ್ತು 2020ರ ಕೆಸ್ಕೋಪ್ ಪೆಟ್ಟಿಗೆ-ಆವೃತ್ತಿಗಳಲ್ಲಿರುವ ಮುದ್ರಣದಲ್ಲಿ, ಅದು ಸಡಿಲಗೊಂಡಿದೆ. ಮೊದಲ ಸಲ ಹೊಸದು ತುಸು ಮಂಕಾಗಿದೆ ಎನ್ನಿಸಬಹುದು. ಅವಸರದಿಂದ ತೀರ್ಮಾನಿಸಬೇಡಿ, ಮನುಷ್ಯನ ಕಿವಿ ಸ್ವಲ್ಪ ಜೋರಾಗಿರುವುದನ್ನು ಹೆಚ್ಚು ಚೆನ್ನಾಗಿದೆ ಎಂದೇ ತಿಳಿಯುತ್ತದೆ. ಎರಡೂ ಒಂದೇ ಜೋರಿನಲ್ಲಿ ಕೇಳುವಂತೆ ವಾಲ್ಯೂಮ್ ಹೊಂದಿಸಿಕೊಂಡು, ಒಂದೇ ನಿಮಿಷದ ಭಾಗವನ್ನು ಅದಲು ಬದಲಾಗಿ ಕೇಳಿ. ಬದಲಾಯಿಸುವ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ವಹಿಸಿ, ಯಾವುದು ಯಾವಾಗ ನಡೆಯುತ್ತಿದೆ ಎಂಬುದು ನಿಮಗೆ ತಿಳಿಯದಂತಿದ್ದರೆ ಇನ್ನೂ ಒಳ್ಳೆಯದು. ನನ್ನ ಕೋಣೆಗೆ ಬರುವ ಗಿರಾಕಿಗಳಿಗೂ ನಾನು ಹೀಗೆಯೇ ಕೇಳಿಸುತ್ತೇನೆ. ಜೋರನ್ನು ಸಮ ಮಾಡಿದ ಕೂಡಲೇ ಹಲವರ ಆಯ್ಕೆ ಬದಲಾಗುತ್ತದೆ.

ಎಲ್.ಪಿ. ಕೊಂಡರೆ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ ಎಂಬುದು ಅರ್ಧ ಸತ್ಯ. ಎಲ್.ಪಿ.ಗೆ ಬೇರೆಯೇ ಮಾಸ್ಟರ್ ಸಿದ್ಧಪಡಿಸಿದ್ದರೆ ಅದು ಚೆನ್ನಾಗಿರುತ್ತದೆ. ತುಳಿದು ಚಪ್ಪಟೆ ಮಾಡಿದ ಮಾಸ್ಟರ್ ಅನ್ನೇ ತಟ್ಟೆಗೆ ಇಳಿಸಿದ್ದರೆ ಕಳೆದುಹೋದ ಅಂತರ ಮರಳಿ ಬರುವುದಿಲ್ಲ. ಎಲ್.ಪಿ.ಯಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಫೈಲನ್ನು ಅಳೆದು, ಡೈನಮಿಕ್ ರೇಂಜ್ (ಮೆಲ್ಲನೆಯದಕ್ಕೂ ಜೋರಿಗೂ ಇರುವ ಅಂತರ) ಅಂಕ ಹೆಚ್ಚು ಬಂತು ಎಂದು ಸಂತೋಷಪಡುವವರನ್ನು ನೀವು ಕಂಡಿರಬಹುದು. ಸೂಜಿ ಮತ್ತು ಗೀರಿನ ಗುಣದಿಂದ ಶಿಖರಗಳ ಆಕಾರ ಬದಲಾಗುವುದರಿಂದ, ಮಾಸ್ಟರ್ ಒಂದೇ ಆಗಿದ್ದರೂ ಆ ಅಂಕ ಮೇಲೇರುತ್ತದೆ. ಅದನ್ನು ನಂಬಿ ಹಣ ಹಾಕಬೇಡಿ. ಜೊತೆಗೆ, 12 ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 20 ನಿಮಿಷ ನೆಮ್ಮದಿಯ ಮಿತಿ. ಅದನ್ನು ಮೀರಿದರೆ ಧ್ವನಿಯ ಮಟ್ಟವನ್ನೋ ಬಾಸ್ ಅನ್ನೋ ಇಳಿಸಬೇಕಾಗುತ್ತದೆ, ಒಳಸುತ್ತಿನ ಗೀರುಗಳಲ್ಲಿ ಮೇಲಿನ ಸ್ವರಗಳ ಸ್ಪಷ್ಟತೆಯೂ ತಗ್ಗುತ್ತದೆ. ‘ಫಿಯರ್ ಆಫ್ ಎ ಬ್ಲ್ಯಾಂಕ್ ಪ್ಲಾನೆಟ್’ನ 17 ನಿಮಿಷ ಮೀರಿದ ಹಾಡು ‘ಅನೆಸ್ತಟೈಜ್’ ಒಂದು ಮಗ್ಗುಲಿನಲ್ಲಿ ಹಿಡಿಯುತ್ತದೆ. ಆದರೆ 2009ರ ‘ದಿ ಇನ್ಸಿಡೆಂಟ್’ನ ಮೊದಲ ಭಾಗ 14 ತುಂಡುಗಳಾಗಿ 55 ನಿಮಿಷ ಎಡೆಬಿಡದೆ ಸಾಗುವ ರಚನೆ. ಅದನ್ನು ತಟ್ಟೆ ತಿರುವುತ್ತ ಕೇಳಿದರೆ ರಚನೆಯ ಉದ್ದೇಶವೇ ಮುರಿಯುತ್ತದೆ, ಅದಕ್ಕೆ ಸಿ.ಡಿ.ಯೇ ಸರಿ.

24 ಬಿಟ್ ಫೈಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಿ.ಡಿ.ಯ 16 ಬಿಟ್ ಸುಮಾರು 96 ಡೆಸಿಬೆಲ್‌ನಷ್ಟು ಅಂತರವನ್ನು ಹಿಡಿಯಬಲ್ಲದು. ರಸ್ತೆಯ ಸದ್ದು, ಫ್ಯಾನಿನ ಸದ್ದು ಇರುವ ಬೆಂಗಳೂರಿನ ಮನೆಯಲ್ಲಿ ಅಷ್ಟನ್ನೇ ಪೂರ್ತಿ ಬಳಸಿಕೊಳ್ಳಲಾಗದು. ಧ್ವನಿ ಮುದ್ರಿಸುವಾಗ, ಬೆರೆಸುವಾಗ 24 ಬಿಟ್ ನಮಗೆ ಅತ್ಯಗತ್ಯ; ಮುಗಿದ ಆಲ್ಬಂ ಕೇಳಲು ಅದರಿಂದ ಆಗುವ ಲಾಭ ತೀರ ಸಣ್ಣದು. ಅಂಥ ಫೈಲ್ ಬೇರೆಯಾಗಿ ಕೇಳಿಸಿದರೆ, ಅದನ್ನು ಬೇರೆ ಮಾಸ್ಟರ್‌ನಿಂದ ಮಾಡಿರುವುದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಸ್ಟ್ರೀಮಿಂಗ್ ಅನ್ನು ನಾನು ತಳ್ಳಿಹಾಕುವುದಿಲ್ಲ. ದೊಡ್ಡ ಸೇವೆಗಳು ಎಲ್ಲ ಹಾಡುಗಳನ್ನು ಹೆಚ್ಚುಕಡಿಮೆ ಒಂದೇ ಜೋರಿಗೆ ತರುತ್ತವೆ. ಸ್ಪಾಟಿಫೈನಲ್ಲಿ ಮಾಮೂಲಿ ಗುರಿ −14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರಿನ ಅಳತೆ). ಹೀಗಾಗಿ ತುಳಿದು ಜೋರು ಮಾಡಿದ ಆಲ್ಬಂಗೆ ಅಲ್ಲಿ ಯಾವ ಮೇಲುಗೈಯೂ ಇಲ್ಲ, ಹಾನಿ ಮಾತ್ರ ಹಾಗೇ ಉಳಿಯುತ್ತದೆ. ಹಾಡಿನಿಂದ ಹಾಡಿಗೆ ಬೆಸೆಯುವ ಕ್ರಾಸ್‌ಫೇಡ್ ಸೌಲಭ್ಯವನ್ನು ನಿಲ್ಲಿಸಿಡಿ, ಇಲ್ಲವಾದರೆ ‘ದಿ ಇನ್ಸಿಡೆಂಟ್’ನಂಥ ಆಲ್ಬಂನ ಸೇರುವೆಗಳೆಲ್ಲ ಕಲಸಿಹೋಗುತ್ತವೆ. ಸ್ಟ್ರೀಮಿಂಗ್‌ನ ನಿಜವಾದ ತೊಡಕೆಂದರೆ, ಯಾವ ಆವೃತ್ತಿ ಇರಬೇಕೆಂಬ ತೀರ್ಮಾನ ಹಕ್ಕುದಾರರದು. ಹಳೆಯದನ್ನು ತೆಗೆದು ಹೊಸದನ್ನು ಇಟ್ಟರೆ ನಿಮಗೆ ಯಾರೂ ತಿಳಿಸುವುದಿಲ್ಲ. 1993ರ ಡ್ರಮ್ ಮಷಿನ್‌ನ ‘ಅಪ್ ದಿ ಡೌನ್‌ಸ್ಟೇರ್’ ನಿಮಗೆ ಮೆಚ್ಚುಗೆಯಾಗಿದ್ದರೆ ಅದರ ಹಳೆಯ ಸಿ.ಡಿ. ಹುಡುಕುವುದೇ ದಾರಿ. ನನಗಂತೂ ಆ ಆಲ್ಬಂನಲ್ಲಿ ಯಂತ್ರದ ತಾಳ ಹಳೆಯ ಕಾಲದ ದೋಷವೆಂದು ಅನ್ನಿಸಿಲ್ಲ. ಅಂದಿನ ಇಂಗ್ಲೆಂಡಿನ ನೃತ್ಯಸಂಗೀತದ ಗಾಳಿ ಅದರಲ್ಲಿದೆ. ಹ್ಯಾರಿಸನ್ ಅವರ ನುಡಿಸಾಣಿಕೆ ಅದ್ಭುತವಾದರೂ ಆ ಗಾಳಿಯನ್ನು ಹೊರಗೆ ಕಳಿಸುತ್ತದೆ.

ಇನ್ನು ಬಾರ್ಬಿಯೇರಿ. ಪ್ರೋಗ್ರೆಸಿವ್ ರಾಕ್‌ನ ಕೀಬೋರ್ಡ್ ವಾದಕರೆಂದರೆ ಕೀತ್ ಎಮರ್ಸನ್, ರಿಕ್ ವೇಕ್‌ಮನ್, ಈಗಿನ ಕಾಲಕ್ಕೆ ಬಂದರೆ ಡ್ರೀಮ್ ಥಿಯೇಟರ್‌ನ ಜೋರ್ಡನ್ ರೂಡೆಸ್ ಅವರಂತೆ ಬೆರಳಿನ ಚಳಕ ತೋರಬೇಕು ಎಂಬ ನಿರೀಕ್ಷೆ ನಿಮ್ಮಲ್ಲಿದೆ. ಬಾರ್ಬಿಯೇರಿ ಬಂದದ್ದು ಆ ಪರಂಪರೆಯಿಂದಲ್ಲ. ಅವರು ಡೇವಿಡ್ ಸಿಲ್ವಿಯನ್, ಸ್ಟೀವ್ ಜಾನ್ಸೆನ್, ಮಿಕ್ ಕಾರ್ನ್ ಜೊತೆಗಿದ್ದ ‘ಜಪಾನ್’ ಎಂಬ ಇಂಗ್ಲಿಷ್ ಬ್ಯಾಂಡಿನವರು. ಆ ಬ್ಯಾಂಡಿನ 1981ರ ‘ಟಿನ್ ಡ್ರಮ್’ ಆಲ್ಬಂನ ‘ಗೋಸ್ಟ್ಸ್’ ಹಾಡನ್ನು ಒಮ್ಮೆ ಕೇಳಿ. ಹಾಡನ್ನು ಮುಂದೊಯ್ಯುವ ಡ್ರಮ್ಸ್ ಅದರಲ್ಲಿಲ್ಲ. ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದಿಂದ ಹುಟ್ಟಿದ, ಯಾವ ವಾದ್ಯವೆಂದು ಹೆಸರಿಸಲಾಗದ ಸದ್ದುಗಳು ಮೌನದ ನಡುವೆ ಎದ್ದು ಆರುತ್ತವೆ, ಅವುಗಳ ಮೇಲೆ ಸಿಲ್ವಿಯನ್ ಅವರ ಗಾಯನ ನಿಂತಿದೆ. ಅಷ್ಟು ಬಿಡುಬಿಡುವಾದ ಹಾಡು 1982ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೇರಿತು.

ಅವರ ಕೌಶಲ ಇರುವುದು ಧ್ವನಿಯನ್ನು ಕಟ್ಟುವುದರಲ್ಲಿ. ಯಂತ್ರದ ಜೊತೆ ಬರುವ ಸಿದ್ಧ ಧ್ವನಿಗಳನ್ನು ಬಿಟ್ಟು, ರೋಲ್ಯಾಂಡ್ ಸಿಸ್ಟಂ 700ರಂಥ ಮಾಡ್ಯುಲರ್ (ಬಿಡಿ ಘಟಕಗಳನ್ನು ಜೋಡಿಸಿ ಧ್ವನಿ ಕಟ್ಟುವ) ಸಿಂಥಸೈಜರ್ ಅಥವಾ ಪ್ರಾಫೆಟ್-5 ಎಂಬ ಸಿಂಥಸೈಜರ್‌ನಲ್ಲಿ, ಸ್ವರ ಎಷ್ಟು ನಿಧಾನವಾಗಿ ಅರಳಬೇಕು, ಅದರ ಮೇಲಿನ ಅಂಶಗಳನ್ನು ಫಿಲ್ಟರ್ ಯಾವ ವೇಗದಲ್ಲಿ ತೆರೆಯಬೇಕು, ಆರುವಾಗ ಶ್ರುತಿ ಎಷ್ಟು ಅಲುಗಬೇಕು ಎಂಬುದನ್ನು ಗುಂಡಿ ಗುಂಡಿ ತಿರುಗಿಸಿ ನಿರ್ಧರಿಸುವ ಕೆಲಸ ಅದು. ಹಾಗೆ ಕಟ್ಟಿದ ಒಂದೇ ಸ್ವರವನ್ನು ಹಿಡಿದು ನಿಲ್ಲಿಸಿದರೂ ಅದರೊಳಗೆ ಚಲನೆ ಇರುತ್ತದೆ. ನಮ್ಮ ಕಛೇರಿಗಳಲ್ಲಿ ತಂಬೂರಿಯನ್ನು ಯಾರೂ ಪ್ರತ್ಯೇಕವಾಗಿ ಹೊಗಳುವುದಿಲ್ಲ, ಆದರೆ ಅದು ನಿಂತ ಕ್ಷಣ ಗಾಯಕರ ಕಾಲಡಿಯ ನೆಲ ಹೋದಂತಾಗುತ್ತದೆ. ಪೋರ್ಕ್ಯುಪೈನ್ ಟ್ರೀಯಲ್ಲಿ ಬಾರ್ಬಿಯೇರಿ ಅವರ ಸ್ಥಾನವೂ ಅಂಥದು. ತಂಬೂರಿಗಿಲ್ಲದ ಇನ್ನೊಂದು ಪಾತ್ರವೂ ಅವರಿಗಿದೆ, ರಚನೆಯದು. ‘ಇನ್ ಆಬ್ಸೆನ್ಷಿಯಾ’ದ ‘ವೆಡಿಂಗ್ ನೇಲ್ಸ್’ ಅನ್ನೂ 2022ರ ‘ಕ್ಲೋಶರ್/ಕಂಟಿನ್ಯುಯೇಶನ್’ನ ‘ಡಿಗ್ನಿಟಿ’, ‘ವಾಕ್ ದಿ ಪ್ಲ್ಯಾಂಕ್’ ಹಾಡುಗಳನ್ನೂ ಅವರು ವಿಲ್ಸನ್ ಜೊತೆ ಸೇರಿ ರಚಿಸಿದವರು. ‘ವಾಕ್ ದಿ ಪ್ಲ್ಯಾಂಕ್’ನಲ್ಲಿ ಗಿಟಾರ್ ಬಹುತೇಕ ಹಿಂದೆ ಸರಿದು ಸಿಂಥಸೈಜರ್‌ಗಳೇ ಹಾಡನ್ನು ಹೊತ್ತು ನಡೆಯುವುದನ್ನು ಗಮನಿಸಿ.

ನಾನು ಆರಂಭದಲ್ಲಿ ಹೇಳಿದ ಕೊಂಡಿ ಇಲ್ಲಿದೆ. ನಿಧಾನವಾಗಿ ಅರಳುವ, ನಿಧಾನವಾಗಿ ಆರುವ ಧ್ವನಿಯ ಅರ್ಧ ಆಯುಸ್ಸು ಅತಿ ಮೆಲ್ಲನೆಯ ಮಟ್ಟದಲ್ಲಿ ಕಳೆಯುತ್ತದೆ. ಲಿಮಿಟರ್ ಜೋರಾಗಿ ಕೆಲಸ ಮಾಡುವಾಗ ಪ್ರತಿ ಡ್ರಮ್ ಪೆಟ್ಟಿಗೂ ಹಿನ್ನೆಲೆಯ ಈ ಪದರ ಕ್ಷಣಮಾತ್ರ ಕುಗ್ಗಿ ಮತ್ತೆ ಉಬ್ಬುತ್ತದೆ. ಬಾರ್ಬಿಯೇರಿ ಗುಂಡಿ ತಿರುಗಿಸಿ ಕೊಟ್ಟ ಚಲನೆಯ ಮೇಲೆ ಯಂತ್ರದ ಚಲನೆ ಬಂದು ಕೂರುತ್ತದೆ. 2002ರ ಸಿ.ಡಿ.ಯಿಂದಲೇ ಈ ಬ್ಯಾಂಡನ್ನು ಅರಿತ ನಿಮಗೆ ಕೀಬೋರ್ಡ್ ವಾದಕ ಹೆಚ್ಚೇನೂ ಮಾಡುವುದಿಲ್ಲ ಎಂದು ತೋರಿದ್ದರೆ ಅದರಲ್ಲಿ ಮಾಸ್ಟರಿಂಗ್‌ನ ಪಾಲೂ ಇದೆ ಎಂದು ನನ್ನ ಅಭಿಪ್ರಾಯ.

ಅವರ ಸ್ವಂತ ಆಲ್ಬಂಗಳು 2005ರ ‘ಥಿಂಗ್ಸ್ ಬರೀಡ್’, 2008ರ ‘ಸ್ಟ್ರೇಂಜರ್ ಇನ್‌ಸೈಡ್’, 2017ರ ‘ಪ್ಲಾನೆಟ್ಸ್ + ಪರ್ಸೋನಾ’, 2021ರ ‘ಅಂಡರ್ ಎ ಸ್ಪೆಲ್’ ಎಂದು ಸಾಗುತ್ತವೆ. 2010ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ ಮೇಲೆ ಪೋರ್ಕ್ಯುಪೈನ್ ಟ್ರೀ ಹನ್ನೊಂದು ವರ್ಷ ಸುಮ್ಮನಿತ್ತು. ಆ ಅವಧಿಯಲ್ಲೇ ಅವರು ಮರಿಲಿಯನ್ ಬ್ಯಾಂಡಿನ ಗಾಯಕ ಸ್ಟೀವ್ ಹೊಗಾರ್ತ್ ಜೊತೆ ‘ನಾಟ್ ದಿ ವೆಪನ್ ಬಟ್ ದಿ ಹ್ಯಾಂಡ್’ ಎಂಬ ಆಲ್ಬಂ ಅನ್ನೂ 2012ರಲ್ಲಿ ತಂದರು. ನೀವು ಹಾಡುಗಳ ಕಡೆಯಿಂದ ಬಂದವರಾದ್ದರಿಂದ ನಿಮಗೆ ಅದೇ ಸುಲಭವಾದ ಬಾಗಿಲು. ಅದು ಹಿಡಿಸಿದರೆ ‘ಅಂಡರ್ ಎ ಸ್ಪೆಲ್’ ಕೇಳಿ. ಬೇರೆ ಬೇರೆ ಕಡೆ ಹೋಗಿ ಮುದ್ರಿಸುವ ಯೋಜನೆಯನ್ನು ಕೋವಿಡ್ ಕಾಲದಲ್ಲಿ ಬಿಟ್ಟು, ಮನೆಯ ಸ್ಟುಡಿಯೋದಲ್ಲೇ ಕೂತು ಮಾಡಿದ ಆಲ್ಬಂ ಅದು. ಕನಸಿನಲ್ಲಿ ನಡೆದಂಥ ಅನುಭವ ಕೊಡುತ್ತದೆ. ‘ಪ್ಲಾನೆಟ್ಸ್ + ಪರ್ಸೋನಾ’ಗೆ ಆಮೇಲೆ ಮರಳಿ. ರಾತ್ರಿ, ಹೆಡ್‌ಫೋನಿನಲ್ಲಿ, ಬೇರೇನೂ ಮಾಡದೆ ಕೇಳಿದ ಮೇಲೂ ಅದು ನಿಮ್ಮನ್ನು ಮುಟ್ಟದಿದ್ದರೆ ಕೊಳ್ಳಬೇಡಿ. ಗೌರವಕ್ಕಾಗಿ ಕೊಂಡ ಆಲ್ಬಂ ಕಪಾಟಿನಲ್ಲೇ ಉಳಿಯುತ್ತದೆ.

ನಿಮ್ಮ ಹಣವನ್ನು ಎಲ್ಲಿ ಹಾಕಬೇಕೆಂದು ಕೇಳಿದ್ದೀರಿ. ‘ಇನ್ ಆಬ್ಸೆನ್ಷಿಯಾ’ವನ್ನು ವಿಲ್ಸನ್ ಅವರ ರೀಮಾಸ್ಟರ್‌ನಲ್ಲಿ ಮತ್ತೆ ಕೊಳ್ಳುವುದು ಮೊದಲ ಕೆಲಸ, ಆದರೆ ಗೆಳೆಯ ಕೊಟ್ಟ ಸಿ.ಡಿ.ಯನ್ನು ಮಾರಬೇಡಿ, ಹೋಲಿಸಿ ನೋಡಲು ಅದು ಬೇಕು. ‘ಫಿಯರ್ ಆಫ್ ಎ ಬ್ಲ್ಯಾಂಕ್ ಪ್ಲಾನೆಟ್’ಗೆ ಸಾಮಾನ್ಯ ಸಿ.ಡಿ. ಸಾಕು. ಮನೆಯಲ್ಲಿ 5.1 ಸ್ಪೀಕರ್ ವ್ಯವಸ್ಥೆ (ಐದು ಸ್ಪೀಕರ್, ಒಂದು ಸಬ್‌ವೂಫರ್) ಇದ್ದರೆ ಮಾತ್ರ ಸುತ್ತಲಿಂದ ಧ್ವನಿ ಬರುವಂತೆ ಬೆರೆಸಿದ ಸರೌಂಡ್ ಆವೃತ್ತಿಗಳ ಕಡೆ ನೋಡಿ. 2004ರಲ್ಲಿ ಎಲಿಯಟ್ ಶೈನರ್ ಬೆರೆಸಿದ ‘ಇನ್ ಆಬ್ಸೆನ್ಷಿಯಾ’ದ ಡಿ.ವಿ.ಡಿ.-ಆಡಿಯೋ ಬಗ್ಗೆ ಒಳ್ಳೆಯ ಮಾತುಗಳಿವೆ, ಆದರೆ ಅದರ ಉತ್ತಮ ಗುಣಮಟ್ಟದ ಧ್ವನಿ ಎಲ್ಲ ಡಿ.ವಿ.ಡಿ. ಪ್ಲೇಯರ್‌ಗಳಲ್ಲೂ ಬರುವುದಿಲ್ಲ, ಅಂಥ ಯಂತ್ರಗಳು ಈಗ ವಿರಳ. ‘ದಿ ಸ್ಕೈ ಮೂವ್ಸ್ ಸೈಡ್‌ವೇಸ್’ ಎರಡು ಡಿಸ್ಕಿನ ಮರುಬಿಡುಗಡೆಯಲ್ಲಿರಲಿ; ಶೀರ್ಷಿಕೆ ರಚನೆಯ ಇನ್ನೊಂದು ರೂಪವೂ ಅದರಲ್ಲಿದೆ. ಮುಂದೆ ‘ಸ್ಟುಪಿಡ್ ಡ್ರೀಮ್’, ‘ಲೈಟ್‌ಬಲ್ಬ್ ಸನ್’ಗಳಿಗೆ ಹೋಗಿ, ಮೊದಲ ಎರಡು ಆಲ್ಬಂಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು.

ಹೊರದೇಶದಿಂದ ತರಿಸುವಾಗ ಸಾಗಣೆಯ ಜೊತೆಗೆ ಸುಂಕವೂ ಬೀಳುತ್ತದೆ. ಒಂದೊಂದಾಗಿ ತರಿಸುವ ಬದಲು ಮೂರು ನಾಲ್ಕನ್ನು ಒಟ್ಟಿಗೆ ತರಿಸಿದರೆ ಸಾಗಣೆಯ ವೆಚ್ಚ ಹಂಚಿಹೋಗುತ್ತದೆ; ಸೆಕೆಗೆ ಎಲ್.ಪಿ. ಬಾಗುವ ಅಪಾಯವಿರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ತರಿಸದಿರುವುದು ಕ್ಷೇಮ. ಹಳೆಯ ಪ್ರತಿ ಕೊಳ್ಳುವ ಮೊದಲು ಮಾರುವವರಿಂದ ಹಿಂಬದಿಯ ಹೊದಿಕೆಯ ಚಿತ್ರವನ್ನೂ ಡಿಸ್ಕಿನ ಒಳ ಅಂಚಿನಲ್ಲಿ ಕೊರೆದಿರುವ ಸಂಖ್ಯೆಯ ಚಿತ್ರವನ್ನೂ ತರಿಸಿಕೊಳ್ಳಿ. ಹೊದಿಕೆಯ ಮೇಲಿನ ವರ್ಷ ಬಹಳ ಸಲ ಮೂಲ ಆಲ್ಬಂನದ್ದೇ ಆಗಿರುತ್ತದೆ. ಅದು ಯಾವ ಮುದ್ರಣದ ಪ್ರತಿ ಎಂದು ತಿಳಿಯುವುದು ಆ ಕೊರೆದ ಸಂಖ್ಯೆಯಿಂದ. ಅದರ ಚಿತ್ರ ಕಳಿಸಲು ಒಪ್ಪದವರಿಂದ, ಬೆಲೆ ಎಷ್ಟೇ ಕಡಿಮೆಯಿದ್ದರೂ, ಕೊಳ್ಳಬೇಡಿ.